ಟ್ಯಾಂಕರಿನ ಮೇಲೆ ನಿನ್ನ ಮುಖ

ನಿಲಂಗಾ
೧೮ ಮೇ ೨೦೧೬

ಪ್ರೀತಿಯ ಗಿರಿಜಾ,

ಹೇಗಿದ್ದೀ? ಪುಣೆಯಲ್ಲಿ ಕೆಲಸ ಒಗ್ಗಿತೆ? ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ಮುಗಿಸುವ ಸುದ್ದಿಯಲ್ಲ ಇದು. ನಾನು ತೆಗೆದ, ನೀನು ನಟಿಸಿದ ನಮ್ಮ ಸಣ್ಣ ಸಿನಿಮಾ ಗೆದ್ದಿತು!

ಟಾಕೀಸಿನ ಮಾಲೀಕ ಜಗದೇವಪ್ಪನವರು ರವಿವಾರ ಮುಂಜಾನೆಯ ಒಂದೇ ಆಟ ಕೊಟ್ಟಿದ್ದರು. "ಅರ್ಧಾ ಟಾಕೀಸರೆ ತುಂಬಬೇಕವ್ವಾ, ಇಲ್ಲಂದ್ರ ಮುಂದಿಂದು ಕೇಳಬ್ಯಾಡ" ಎಂದಿದ್ದರು. ಪೋಸ್ಟರ್ ಹಾಕಿಸಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಸುದ್ದಿ ಹಾಕಿ ಎಂದರೆ, ಇಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಸಿನಿಮಾ ಯಾರು ನೋಡುತ್ತಾರೆ ಎಂದು ಪೇಪರಿನವರು ನಕ್ಕರು.

ಕಾಸಾರಶಿರಸಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಭೀಮಶಾ ಎಂಬ ಡ್ರೈವರನ ನೀರಿನ ಟ್ಯಾಂಕರ್ ಬಂತು. ಇಡೀ ಓಣಿ ಕೊಡ ಹಿಡಿದು ಅದರ ಹಿಂದೆ ಓಡಿತು. ಈ ಬರದಲ್ಲಿ ಊರೆಲ್ಲ ಸೇರುವುದು ಅಲ್ಲಿ ಮಾತ್ರ!

"ಅಣ್ಣಾ, ಗಾಡಿ ಮ್ಯಾಗ ಒಂದು ಚಿತ್ರಾ ಬರೀಲೇನ್ರಿ?"

"ಬರಿಯವ್ವಾ. ಹೆಂಗೂ ಬೋಳೇ ಅದ."

ನಿನ್ನ ಮುಖವನ್ನು ದೊಡ್ಡದಾಗಿ ಬರೆದು, ಪಕ್ಕದಲ್ಲಿ ಟಾಕೀಸಿನ ಹೆಸರು, ಆಟದ ವೇಳೆ ಹಾಕಿದೆ. ಟ್ಯಾಂಕರ್ ಹೋದ ಹಳ್ಳಿಗಳಲ್ಲೆಲ್ಲ, "ಯಾರ್ ಈಕಿ?" ಎಂದು ಹೆಂಗಸರು ಕೇಳಿದರು.

"ನಿಲಂಗಾಕ ಬರ್ರಿ, ಆಕಿನೇ ಹೇಳ್ತಾಳ" ಎಂದ ಭೀಮಶಾ.

ಬಂಡಮ್ಮ ಎಂಬ ಮುದುಕಿ ಗದರಿದಳಂತೆ: "ಸಿನಿಮಾಕ್ಕ ಹೋದ್ರ ನೀರ್ ಯಾರ್ ಹಿಡೀತಾರೋ?"

"ಶನಿವಾರ ಸಂಜಿಕೇ ತುಂಬ್ತೀನಿ ಆಯಿ. ರವಿವಾರ ಆರಾಮ ಕುಂತು ನೋಡ್ರಿ."

ಹಾಗೆಯೇ ಮಾಡಿದ. ಇದನ್ನು ಕೇಳಿ ಉಮರ್ಗಾ, ಉದಗೀರ ಕಡೆಯ ಟ್ಯಾಂಕರಿನವರೂ ನನ್ನನ್ನು ಕರೆದರು. ಕುಂಚ ಹಿಡಿದ ಕೈ ಇನ್ನೂ ನೋಯುತ್ತಿದೆ.

ರವಿವಾರ ಟಂಟಂ ಆಟೋಗಳಲ್ಲಿ ಹೆಂಗಸರು ಬಂದರು, ಬರುತ್ತಲೇ ಇದ್ದರು. ಕುರ್ಚಿ ತುಂಬಿ ನೆಲದ ಮೇಲೂ ಕುಳಿತರು. ಪರದೆಯ ಮೇಲೆ ನೀನು ಪಂಚಾಯ್ತಿ ಸರಪಂಚನ ಎದುರು ನಿಂತಾಗ ಬಂಡಮ್ಮ ಎದ್ದೇಬಿಟ್ಟಳು: "ಬಿಡಬ್ಯಾಡ ಅಂವಗ, ಮಗಳಾ!" ಇಡೀ ಟಾಕೀಸು ಸಿಳ್ಳೆ ಹಾಕಿತು, ಗಿರಿಜಾ!

ಜಗದೇವಪ್ಪನವರು ಓಡಿ ಬಂದು, "ಈ ವಾರ ಪೂರಾ ನಿಂದೇ ತಗೋ" ಎಂದರು. ನಕ್ಕಿದ್ದ ಪೇಪರಿನವರೂ ಫೋಟೋ ತೆಗೆಯಲು ಬಂದರು. ನಾನು ಭೀಮಶಾನನ್ನು ಮುಂದೆ ನೂಕಿದೆ.

ಬಸವಣ್ಣ ನಿನ್ನನ್ನು ಸುಖವಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಸುಗಂಧಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನಿಮ್ಮವ್ವ ಕಾಂತಾಬಾಯಿ ಮುಖದ ಮೇಲೆ ಸೆರಗೆಳೆದುಕೊಂಡು ಒಬ್ಬರೇ ಬಂದಿದ್ದರು. ಸಿನಿಮಾದಲ್ಲಿ ನಟಿಸಿದೆಯೆಂದು ನಿಮ್ಮಪ್ಪ ನಿನ್ನನ್ನು ಮನೆಯಿಂದ ಹೊರಹಾಕಿದ ಮೇಲೆ ಅವರು ನಿನ್ನನ್ನು ಕಂಡೇ ಇಲ್ಲವಂತೆ. ಎಲ್ಲರೂ ಎದ್ದು ಹೋದರೂ ಖಾಲಿ ಪರದೆ ನೋಡುತ್ತ ಕುಳಿತಿದ್ದರು. ನನ್ನ ಕೈ ಹಿಡಿದು, "ನನ್ನ ಮಗಳು ಖರೇನೇ ಅಷ್ಟು ಸೊರಗ್ಯಾಳೇನು? ಇಲ್ಲಾ, ಸಿನಿಮಾಕ್ಕಂತ ಹಂಗ ತೋರಿಸೀರಿ?" ಎಂದು ಕೇಳಿದರು. ಮರುದಿನದ ಆಟಕ್ಕೂ ಬಂದಿದ್ದರು.