ಪೆಟ್ರೋಲ್ ಮುಚ್ಚಳದ ಗಂಧ

ಭಾನುವಾರ, ಅಕ್ಟೋಬರ್ 26. ಹೊಳೆನರಸೀಪುರ.

ನಾಳೆ ಗುಜರಿಯವನು ಬರುವವನಿದ್ದ. ನಮ್ಮ ಹಳೇ ಕಾರು ಹತ್ತು ಕಿಲೋಮೀಟರ್ ಓಡಿದರೆ ನಿಂತುಬಿಡುತ್ತಿತ್ತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಪ್ಲಗ್, ಫಿಲ್ಟರ್ ಎರಡನ್ನೂ ನಾನೇ ಬದಲಿಸಿ ಸೋತಿದ್ದೆ. "ಹಾಸ್ಟೆಲ್ನಾಗಿದ್ದು ಇಂಜಿನಿಯರಿಂಗ್ ಓದಿ ಏನ್ ಕಲ್ತೆ ಮಾನಸಾ?" ಅಂದರು ಅಪ್ಪ. ಮೆಕ್ಯಾನಿಕಲ್ ಫಸ್ಟ್ ಇಯರ್‌ನಲ್ಲಿ ಕಾರನ್ನು ಮುಟ್ಟಿಸುವುದೇ ಇಲ್ಲ ಅನ್ನಲು ಧೈರ್ಯ ಬರಲಿಲ್ಲ.

ಇವತ್ತು ಹಟ ಮಾಡಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಅರಕಲಗೂಡಿನ ದಾರಿಯಲ್ಲಿ ನಿಂತಿತು. ಪೆಟ್ರೋಲ್ ಇದೆಯಾ ನೋಡೋಣ ಅಂತ ಮುಚ್ಚಳ ತಿರುಗಿಸಿದೆ, ಟ್ಯಾಂಕು ಉಸ್ ಅಂತ ಗಾಳಿ ಎಳೆದುಕೊಂಡಿತು. ತಕ್ಷಣ ಸ್ಟಾರ್ಟ್! ಮುಚ್ಚಳದಲ್ಲಿ ಗಾಳಿಗೆಂದು ಇರುವ ಸಣ್ಣ ತೂತು ಒಣಗಿದ ಗಂಧದಿಂದ ಮುಚ್ಚಿಹೋಗಿತ್ತು; ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಂಜಿನ್ನಿಗೆ ಹರಿಯುತ್ತಿರಲಿಲ್ಲ. ಪ್ರತಿ ಸೋಮವಾರ ಅಜ್ಜಿ ಅಲ್ಲಿಗೇ ಗಂಧ, ವಿಭೂತಿ ಮೆತ್ತುತ್ತಾರೆ: "ಗಾಡಿ ಉಣ್ಣೋ ಬಾಯಿ ಕಣವ್ವ ಅದು."

ಪಿನ್ನಿನಿಂದ ಬಿಡಿಸಿದೆ. ಅರಕಲಗೂಡು ಮುಟ್ಟಿ ವಾಪಸ್ ಬಂದೆವು, ಒಮ್ಮೆಯೂ ನಿಲ್ಲಲಿಲ್ಲ. ಗುಜರಿಯವನಿಗೆ ಅಪ್ಪನೇ ಫೋನ್ ಮಾಡಿ ಬೇಡ ಅಂದರು.

"ಏನಾಗಿತ್ತವ್ವ?" ಎಂದು ಅಜ್ಜಿ ಕೇಳಿದಾಗ "ಧೂಳು" ಅಂದುಬಿಟ್ಟೆ. ಅಪ್ಪ ಮೀಸೆಯಲ್ಲೇ ನಕ್ಕರು. ಆದರೆ ನಾಳೆ ಸೋಮವಾರ, ಅಜ್ಜಿ ಮತ್ತೆ ಅಲ್ಲಿಗೇ ಮೆತ್ತುತ್ತಾರೆ. ಬೆಳಗ್ಗೆ ಅಜ್ಜಿ ಬಟ್ಟಲು ಹಿಡಿದು ಬರುವ ಮೊದಲೇ ಕಾರಿನ ಹತ್ತಿರ ನಿಂತಿರಬೇಕು. "ಅಜ್ಜಿ, ಗಂಧ ಬಾನೆಟ್ಟಿಗೆ ಹಚ್ಚಿ, ಮುಚ್ಚಳಕ್ಕೆ ನಾನು ಕೈ ಮುಗೀತೀನಿ" ಅಂತ ಹೇಳಬೇಕು. ಅವರಿಗೆ ಬೇಜಾರಾದರೂ ಸರಿ, ಹೇಳೇ ಹೇಳುತ್ತೇನೆ.