ನಿಮ್ಮ ಒಂದು ಸಾಲು, ನಮ್ಮ ಹನ್ನೊಂದು ಸೂರು

ನಗರಸಭೆಯ ವಿಪತ್ತು ನಿರ್ವಹಣಾ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಆಲಿಕಲ್ಲು ಬಿದ್ದ ಮೇಲೆ ಮನೆಯವರು ಏನು ಮಾಡಬೇಕೆಂದು ನಿಮ್ಮ ಕಚೇರಿ ಒಂದು ಕರಪತ್ರ ಹಂಚಿತ್ತು. ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ಬನ್ಯಾರಾ ಕ್ರೀಕ್‌ನ ನಮ್ಮ ಬೀದಿಯಲ್ಲಿ ಹನ್ನೊಂದು ಮನೆಗಳಿಗೆ ವಿಮೆಯ ಹಣ ಕೈತಪ್ಪಿದೆ. ಪಾಲಿಸದ ಹನ್ನೆರಡನೆಯ ಮನೆಗೆ ಹೊಸ ಸೂರು ಬಂದಿದೆ. ಈ ವಿಷಯವನ್ನು ನಿಮಗೆ ನಾಲ್ಕು ಸಲ ಖಾಸಗಿಯಾಗಿ ಬರೆದೆ. ನಾಲ್ಕು ಸಲವೂ ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ’ ಎಂಬ ಒಂದೇ ಉತ್ತರ ಬಂತು. ಇಷ್ಟೊಂದು ಅಮೂಲ್ಯವಾದದ್ದು ನಿಮ್ಮೊಬ್ಬರ ಬಳಿಯೇ ಏಕಿರಬೇಕು, ಊರಿನವರೂ ಓದಲಿ ಎಂದು ಈಗ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಅಕ್ಟೋಬರ್ ಕೊನೆಯ ಆ ಶುಕ್ರವಾರ ಪಶ್ಚಿಮದ ಮೋಡ ಹಸಿರಿಗೆ ತಿರುಗಿದಾಗಲೇ ಆಲಿಕಲ್ಲು ಬೀಳುತ್ತದೆಂದು ಎಲ್ಲರಿಗೂ ಗೊತ್ತಾಗಿತ್ತು. ಹನ್ನೆರಡು ನಿಮಿಷ ಬಿತ್ತು. ಕಾರುಗಳ ಗಾಜು ಪುಡಿಯಾಯಿತು, ನನ್ನ ಟೊಮೆಟೊ ಗಿಡಗಳ ಹೆಸರೇ ಉಳಿಯಲಿಲ್ಲ. ಹೆಂಚುಗಳು ಮಾತ್ರ ಕೆಳಗಿನಿಂದ ನೋಡಿದರೆ ಬಹುಪಾಲು ನೆಟ್ಟಗೇ ಇದ್ದಂತೆ ಕಂಡವು. ಮರುದಿನ ನಿಮ್ಮ ಕರಪತ್ರ ಬಂತು. ಅದರಲ್ಲಿ ಕಾರಿಗೆ ಒಂದು ಪುಟ, ನಾಯಿ ಬೆಕ್ಕುಗಳ ಮನಸ್ಸಿನ ನೆಮ್ಮದಿಗೆ ಅರ್ಧ ಪುಟ, ಸೂರಿಗೆ ಒಂದು ಸಾಲು: ‘ಸುರಕ್ಷಿತವೆನಿಸಿದ ಕೂಡಲೇ ಬಿರುಕುಗಳನ್ನು ಮುಚ್ಚಿ.’

ನನ್ನ ಗಂಡ ನೋಯೆಲ್ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದವರು. ಸರ್ಕಾರದ ಅಚ್ಚಾದ ಸೂಚನೆಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದುವ ಮನುಷ್ಯ. ನಮ್ಮ ಬೀದಿಯಲ್ಲಿ ಇಂಥದ್ದಕ್ಕೆ ಯಾರೂ ಯಾರನ್ನೂ ಕಾಯುವುದಿಲ್ಲ. ಬೇಲಿ ಬಿದ್ದರೆ, ನೆರೆ ನುಗ್ಗಿದರೆ, ಒಂದು ಭಾನುವಾರ ಎಲ್ಲರೂ ಸೇರಿ ಕೆಲಸ ಮುಗಿಸಿ, ಬ್ರೆಡ್ಡಿನೊಳಗೆ ಸಾಸೇಜು ಈರುಳ್ಳಿ ಇಟ್ಟುಕೊಂಡು ತಿಂದು ಮನೆಗೆ ಹೋಗುತ್ತೇವೆ. ಆ ಭಾನುವಾರವೂ ಅದೇ ಆಯಿತು. ನೋಯೆಲ್ ಮತ್ತು ಇನ್ನು ಮೂವರು ಹನ್ನೊಂದು ಸೂರು ಹತ್ತಿದರು. ಕೂದಲೆಳೆಯಂಥ ಬಿರುಕುಗಳನ್ನು ಹುಡುಕಿ ಹುಡುಕಿ ಅಂಟು ತುಂಬಿದರು, ಒಡೆದ ಹೆಂಚಿನ ಜಾಗಕ್ಕೆ ಹಿತ್ತಲಲ್ಲಿದ್ದ ಹಳೆಯ ಹೆಂಚು ಕೂರಿಸಿದರು, ಚೂರುಗಳನ್ನು ಗುಡಿಸಿ ಕಸಕ್ಕೆ ಹಾಕಿದರು. ನೋಯೆಲ್ ಅಷ್ಟಕ್ಕೇ ಬಿಡುವವರೇ? ಅಂಟು ಬಿಳಿಯಾಗಿ ಕಾಣುತ್ತದೆಂದು ಅದರ ಮೇಲೆ ಹೆಂಚಿನ ಬಣ್ಣವನ್ನೇ ಬಳಿದರು. ಎದುರು ಮನೆಯ ಸೀನಾ ಲೆಯವಾಸ ಸಮೋವಾ ದ್ವೀಪದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಅವರು ಒಂದು ದೊಡ್ಡ ಪಾತ್ರೆ ತುಂಬ ಶಾವಿಗೆ ಮಾಡಿ ತಂದು, ಇಷ್ಟು ಚೆಂದದ ಸೂರು ಗಂಡನಿದ್ದಾಗಲೂ ಇರಲಿಲ್ಲ ಎಂದು ನಗಿಸಿದ್ದರು.

ಡಿಸೆಂಬರಿನಲ್ಲಿ ವಿಮೆಯವರು ಬಂದರು. ಬೇರೆ ಬೇರೆ ಕಂಪನಿ, ಬೇರೆ ಬೇರೆ ಅಂಗಿ, ವರದಿ ಮಾತ್ರ ಒಂದೇ. ಕೆಳಗೆ ನಿಂತು ಡ್ರೋನ್ ಹಾರಿಸಿದರು. ಆಲಿಕಲ್ಲಿನ ಹೊಸ ಹಾನಿ ಕಾಣುವುದಿಲ್ಲ, ಸೂರಿನ ತುಂಬ ಹಳೆಯ ದುರಸ್ತಿ, ಮನೆಯವರು ವರ್ಷಗಟ್ಟಲೆ ನಿಗಾ ವಹಿಸಿಲ್ಲ ಎಂದು ಬರೆದರು. ಅಂದರೆ ನನ್ನ ಗಂಡನ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಆಲಿಕಲ್ಲು ಬಿದ್ದದ್ದೇ ಸುಳ್ಳಾಯಿತು. ಕಾರಿಗೆ ಕ್ಯಾರವಾನ್ ಗಾಡಿ ಕಟ್ಟಿಕೊಂಡು ಉತ್ತರಕ್ಕೆ ಮೀನು ಹಿಡಿಯಲು ಹೋಗಿದ್ದ ಹನ್ನೆರಡನೆಯ ಮನೆಯ ರಾಸ್ ಪೆಟ್ಟಿಗ್ರೂ ತಿಂಗಳ ಮೇಲೆ ಅದೇ ವಾರ ಮರಳಿದ. ಅವನ ಮನೆಯಲ್ಲಿ ಬಿರುಕುಗಳು ಬಾಯಿ ತೆರೆದುಕೊಂಡೇ ಇದ್ದವು. ಈಗ ಅವನ ತಲೆಯ ಮೇಲೆ ಹೊಚ್ಚ ಹೊಸ ತಗಡಿನ ಸೂರು. ಪಾಪ, ನಮ್ಮನ್ನು ಕಂಡರೆ ಮುಖ ತಪ್ಪಿಸಿಕೊಂಡು ಓಡಾಡುತ್ತಾನೆ.

ಅಂಟು ಎಷ್ಟು ದಿನ ನಿಂತೀತು? ಜನವರಿಯ ನಡುಬೇಸಿಗೆಯ ಸೆಕೆಗೆ ಬಿರುಕು ಮತ್ತೆ ಬಿಟ್ಟಿತು. ಫೆಬ್ರವರಿಯ ಮಳೆಗೆ ಸೀನಾ ಅವರ ಮಲಗುವ ಕೋಣೆಯ ಒಳಚಾವಣಿ ನೀರು ಕುಡಿದು ಕಳಚಿ ಹಾಸಿಗೆಯ ಮೇಲೆ ಬಿತ್ತು. ಪುಣ್ಯಕ್ಕೆ ಆಕೆ ಅಡುಗೆಮನೆಯಲ್ಲಿದ್ದರು. ನೋಡಲು ಓಡಿಬಂದ ನೋಯೆಲ್‌ಗೆ ಚಹಾ ಮಾಡಿಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನನ್ನ ಗಂಡನಿಗೆ ನೆಮ್ಮದಿಯಿಲ್ಲ. ಹನ್ನೊಂದು ಮನೆಗಳ ವಿಮೆ ಕಂಪನಿಗಳಿಗೂ ಕೈಬರಹದಲ್ಲಿ ಬರೆದು, ಈ ಕೆಲಸ ಮಾಡಿದ್ದು ನಾನು, ಇಂಥ ತಾರೀಕು, ಕರಪತ್ರ ನೋಡಿ ಮಾಡಿದ್ದು ಎಂದು ಒಪ್ಪಿಕೊಂಡರು. ದುರಸ್ತಿ ಮಾಡಿದವರ ಹೇಳಿಕೆ ಸಾಕ್ಷಿಯಾಗುವುದಿಲ್ಲ, ಕರಪತ್ರ ಹಂಚಿದ ಕಚೇರಿಯ ಪತ್ರ ಬೇಕು ಎಂದು ಉತ್ತರ ಬಂತು.

ಈಗ ಮಳೆಯ ಸೂಚನೆ ಬಂದಾಗಲೆಲ್ಲ ಎಪ್ಪತ್ತಾರರ ಈ ಮನುಷ್ಯ ಟಾರ್ಪಾಲು, ಮರಳು ಚೀಲ ಹೊತ್ತು ಒಂದೊಂದೇ ಮನೆಯ ಸೂರು ಹತ್ತುತ್ತಾರೆ. ಕಳೆದ ಮಂಗಳವಾರ ಸೀನಾ ಅವರ ಸೂರಿನಲ್ಲಿ ಕಾಲು ಜಾರಿತು. ಸೂರಿನಂಚಿನ ಮಳೆನೀರಿನ ದೋಣಿ ಹಿಡಿದು ನೇತಾಡಿದರು. ಕೆಳಗೆ ನಾವಿಬ್ಬರು ಹೆಂಗಸರು.

“ಇಳೀರಿ ನೋಯೆಲ್. ನೀರು ಸೋರಿದ್ರೆ ಬಕೆಟ್ ಇಡ್ತೀನಿ. ನೀವು ಬಿದ್ರೆ ಏನಿಡ್ಲಿ?” ಎಂದರು ಸೀನಾ.

ಇಳಿದರು. ಅಂಗೈ ಸೀಳಿತ್ತು. ನಾನು ಅಲ್ಲೇ ಅತ್ತುಬಿಟ್ಟೆ, ಇನ್ನು ಹತ್ತಬೇಡಿ ಅಂದೆ.

“ಹನ್ನೊಂದು ಮನೆ ಕೆಡಿಸಿದೀನಿ ಕಣೇ ಗ್ಲೆನಿಸ್,” ಅಂದರು. “ಒಳಗೆ ಕೂತ್ಕೊಂಡು ಮಳೆ ನೋಡು ಅಂತೀಯಾ?”

ಮಾನ್ಯರೇ, ನಿಮ್ಮ ಕಚೇರಿಗೆ ಗೊತ್ತಿರಲಿಲ್ಲವೇ? ಹೆಂಚಿನ ಬಿರುಕು ನೆಲದಿಂದ ಕಾಣುವುದಿಲ್ಲ, ನೀರು ಇಳಿಯಲು ತಿಂಗಳುಗಳೇ ಹಿಡಿಯಬಹುದು. ಹಗಲು ಹೊತ್ತಿನಲ್ಲಿ ಅಟ್ಟದ ಒಳಗಿನಿಂದ ನೋಡಿದರೆ ಬೆಳಕು ತೂರುವಲ್ಲೆಲ್ಲ ನೀರೂ ತೂರುತ್ತದೆ. ಮುಟ್ಟುವ ಮೊದಲು ಫೋಟೋ ತೆಗೆಯಬೇಕು, ಚೂರುಗಳನ್ನು ಎತ್ತಿಡಬೇಕು, ವಿಮೆಯ ಪರಿಶೀಲಕರು ಬರುವವರೆಗೆ ಟಾರ್ಪಾಲು ಮಾತ್ರ ಹೊದಿಸಬೇಕು, ಅದಕ್ಕೂ ತುರ್ತು ಸೇವೆಯವರನ್ನು ಕರೆಯಬೇಕು. ಇದನ್ನೆಲ್ಲ ನಾನು ಕಲಿತದ್ದು ಸೀನಾ ಅವರ ಹಾಸಿಗೆ ಹಾಳಾದ ಮೇಲೆ. ನಿಮಗೆ ಅದಕ್ಕೆ ಮೂರು ಸಾಲಿನ ಜಾಗವಿರಲಿಲ್ಲವೇ? ಬೆಕ್ಕಿನ ನೆಮ್ಮದಿಯಲ್ಲಿ ಎರಡು ಸಾಲು ಕಡಿಮೆ ಮಾಡಿದ್ದರೆ ಬೆಕ್ಕು ಆಕ್ಷೇಪಿಸುತ್ತಿತ್ತೇ?

ನಾನು ಕೇಳುವುದು ದೊಡ್ಡದಲ್ಲ. ಕರಪತ್ರ ತಿದ್ದಿ, ಮುಂದಿನ ಬಿರುಗಾಳಿಗೆ ಮೊದಲು ಮನೆಮನೆಗೆ ಮುಟ್ಟಿಸಿ. ಮತ್ತು ಒಂದು ಹಾಳೆಯಲ್ಲಿ, ನಿಮ್ಮ ಮೊಹರಿನೊಂದಿಗೆ, ‘ಈ ಬೀದಿಯವರು ಬಿರುಕು ಮುಚ್ಚಿದ್ದು ನಾವು ಹೇಳಿದ್ದಕ್ಕೆ, ತಪ್ಪು ನಮ್ಮದು’ ಎಂದು ಬರೆದು ಹನ್ನೊಂದು ಮನೆಗಳ ವಿಮೆ ಕಂಪನಿಗಳಿಗೆ ಕಳಿಸಿ. ಹನ್ನೆರಡನೆಯ ಪ್ರತಿ ನೋಯೆಲ್ ಹೆಸರಿಗೆ ಬರಲಿ. ತಪ್ಪು ಅವರದಲ್ಲ ಎಂದು ನಾನು ದಿನಾ ಹೇಳುತ್ತೇನೆ, ಸೀನಾ ಹೇಳುತ್ತಾರೆ, ಅವರು ಕೇಳುವುದಿಲ್ಲ. ಅಚ್ಚಾದದ್ದನ್ನು ಮಾತ್ರ ನಂಬುತ್ತಾರೆ. ನಿಮ್ಮನ್ನು ಅವರು ಈಗಾಗಲೇ ಒಮ್ಮೆ ನಂಬಿದ್ದಾರೆ.

ಇಂತಿ,
ಮೋಡ ಕಂಡರೆ ಆಕಾಶ ಬಿಟ್ಟು ಗಂಡನನ್ನು ಹುಡುಕುವ,
ಗ್ಲೆನಿಸ್ ಹಾಸ್ಕಿನ್
ಕುರ್ರಜಾಂಗ್ ಬೀದಿ, ಬನ್ಯಾರಾ ಕ್ರೀಕ್