ಎಂಟುನೂರು ಮೀಟರಿನ ಟ್ಯಾಂಕ್

ಜನವರಿ ೧೯, ಭಾನುವಾರ

ರೀ,

ಹನ್ನೊಂದು ವರ್ಷದ ಮೇಲೆ ನಿಮ್ಮನ್ನು ಹೇಗೆ ಕರೆಯುವುದೆಂದು ಅರ್ಧ ಗಂಟೆ ಪೆನ್ನು ಹಿಡಿದು ಕೂತಿದ್ದೆ. 'ಮಾನ್ಯರೇ' ಎಂದು ಬರೆದೆ, ನನಗೇ ನಗು ಬಂದು ಹೊಡೆದುಹಾಕಿದೆ. ಹಳೆಯದೇ ಇರಲಿ. ಗಾಬರಿಯಾಗಬೇಡಿ, ನಮ್ಮ ಗುಬ್ಬಿ ಚೆನ್ನಾಗಿದ್ದಾಳೆ, ಇದು ಮಗಳ ವಿಷಯವಲ್ಲ. ನೀರಿನ ಟ್ಯಾಂಕಿನ ವಿಷಯ. ಅದನ್ನು ಕೆಡವಿದರು.

ನಿಮಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಾಗಲ್ಲದೆ ನನಗೆ ಬರೆಯಲು ಆಗುವುದಿಲ್ಲ. ಅರ್ಧ ಗಂಟೆಗೊಮ್ಮೆ ವಿಮಾನ ನಿಲ್ದಾಣದ ಹವಾಮಾನ ಕಚೇರಿಯ ಮಹಡಿ ಹತ್ತುವುದು, ಎಷ್ಟು ದೂರ ಕಾಣುತ್ತದೆಂದು ಸುತ್ತ ನೋಡುವುದು, ಕೆಳಗಿಳಿದು ಬರೆಯುವುದು, ಇಷ್ಟೇ ನನ್ನ ಕೆಲಸ. ಆಸ್ಪತ್ರೆಯ ಕೆಂಪು ದೀಪ ಕಂಡರೆ ನಾನೂರು ಮೀಟರ್, ಟ್ಯಾಂಕ್ ಕಂಡರೆ ಎಂಟುನೂರು, ಐಸ್ ಕಾರ್ಖಾನೆಯ ಚಿಮಣಿ ಕಂಡರೆ ಒಂದೂವರೆ ಸಾವಿರ. ಎಂಟುನೂರು ಇದ್ದರೆ ನೀವು ವಿಮಾನ ಇಳಿಸಬಹುದು, ಒಂದು ಮೀಟರ್ ಕಡಿಮೆಯಾದರೂ ಪಕ್ಕದ ಊರಿಗೆ ಹೋಗಬೇಕು. ಹೀಗಾಗಿ ನನ್ನ ಸಂಸಾರವೆಲ್ಲ ಆ ಟ್ಯಾಂಕಿನ ಮೇಲೆಯೇ ನಿಂತಿತ್ತು.

ನಾವು ಬರೆಯುವ ಆ ಒಂದು ಸಾಲನ್ನು ಪೈಲಟ್‌ಗಳು ಹೇಗೆ ಓದುತ್ತಾರೆಂದು ಹೇಳಿಕೊಟ್ಟವರು ನೀವೇ. ಮದುವೆಯಾದ ಹೊಸತರಲ್ಲಿ ಒಂದು ರಿಪೋರ್ಟನ್ನು ಊಟದ ಮೇಜಿನ ಮೇಲೆ ಹರಡಿ ಕೂತಿರಿ. ಗಾಳಿಯ ಅಂಕಿ, ಆಮೇಲೆ ದೂರದ ನಾಲ್ಕು ಅಂಕಿ, ಆಮೇಲೆ ಎಫ್‌ಜಿ ಎಂದರೆ ಮಂಜು. ಅದು ನನಗೂ ಗೊತ್ತಿತ್ತು, ಬರೆಯುವವಳೇ ನಾನಲ್ಲವೇ. ಗೊತ್ತಿಲ್ಲದ್ದನ್ನು ಆಮೇಲೆ ಹೇಳಿದಿರಿ. ನೀವು ನೆಲದ ಮೇಲೆ ನಿಂತು ಅಡ್ಡ ನೋಡ್ತೀರಿ, ನಾವು ಮೇಲಿಂದ ಓರೆಯಾಗಿ ನೋಡ್ತೀವಿ, ನಿಮ್ಮ ಎಂಟುನೂರು ನಮಗೆ ಐನೂರೂ ಆಗಬಹುದು ಎಂದಿರಿ. ಅದಕ್ಕೇ ಅಂಕಿಗಿಂತ ಮೊದಲು ಡ್ಯೂಟಿಯಲ್ಲಿ ಯಾರಿದ್ದಾರೆಂದು ಕೇಳುತ್ತಿದ್ದಿರಂತೆ. ನಮ್ಮ ಕಚೇರಿಯ ಹಿರಿಯರದು ಧಾರಾಳ ಕೈ, ಅವರದ್ದರಲ್ಲಿ ನೂರೈವತ್ತು ಕಳೆಯಬೇಕು. ಕನ್ನಡಕದವರು ಅಂಜುಬುರುಕರು, ಅವರದ್ದಕ್ಕೆ ನೂರು ಸೇರಿಸಬಹುದು. ನನ್ನದಕ್ಕೆ ಎಂದು ಕೇಳಿದೆ. ಮೀಟರ್ ಮೇಡಂದು ಕಳೆಯೋದೂ ಇಲ್ಲ, ಕೂಡಿಸೋದೂ ಇಲ್ಲ, ಇದ್ದದ್ದು ಇದ್ದ ಹಾಗೆ ಎಂದಿರಿ. ಅವತ್ತು ನಾನು ಎಷ್ಟು ಉಬ್ಬಿಹೋದೆ ಎಂದರೆ ಎರಡು ದಿನ ಕಾಲು ನೆಲದ ಮೇಲಿರಲಿಲ್ಲ.

ಮನೆಗೂ ಒಂದು ರಿಪೋರ್ಟ್ ಇತ್ತಲ್ಲ, ನೆನಪಿದೆಯೇ? ನೀವು ಬಾಗಿಲಲ್ಲಿ ಬೂಟು ಬಿಚ್ಚುತ್ತಾ ಇವತ್ತು ಒಳಗೆ ಹೇಗಿದೆ ಎಂದು ಗುಬ್ಬಿಯನ್ನು ಕೇಳುವಿರಿ. ನನ್ನ ಮುಖ ಸರಿ ಇದ್ದರೆ ನಾಲ್ಕು ಒಂಬತ್ತು, ಅಂದರೆ ಹತ್ತು ಕಿಲೋಮೀಟರೂ ನಿಚ್ಚಳ. ನಾನು ಮುಖ ಊದಿಸಿಕೊಂಡಿದ್ದರೆ ಎಫ್‌ಜಿ ಅಪ್ಪಾ, ಪಕ್ಕದ ಊರಿಗೆ ಹೋಗಿ ಎನ್ನುತ್ತಿದ್ದಳು.

ಆ ಅಪಘಾತದ ವಾರ ಮನೆಯಲ್ಲಿ ಎಫ್‌ಜಿಯೇ ಇತ್ತು. ಏನಕ್ಕೆ ಜಗಳವಾಡಿದೆವೆಂದು ಇವತ್ತು ಕೇಳಿದರೆ ಇಬ್ಬರಿಗೂ ಹೇಳಲು ಬರಲಿಕ್ಕಿಲ್ಲ. ನಾಲ್ಕು ದಿನ ನೀವು ಹೊರಗಿದ್ದಿರಿ, ನಾನು ನಿಮ್ಮ ಫೋನ್ ಎತ್ತಲಿಲ್ಲ. ಐದನೆಯ ದಿನ ಬೆಳಿಗ್ಗೆ ನಾನು 'ಎಂಟುನೂರು, ಮಂಜು' ಎಂದು ಬರೆದೆ. ನೀವು ಅದನ್ನು ಕಳೆಯದೆ ಕೂಡಿಸದೆ ಓದಿ ಇಳಿದಿರಿ. ರನ್‌ವೇಯ ಮೊದಲ ದೀಪಗಳು ಕಂಡವು, ಚಕ್ರ ತಾಗುವ ಹೊತ್ತಿಗೆ ಎಲ್ಲ ಬೆಳ್ಳಗಾಯಿತು ಎಂದು ವಿಚಾರಣೆಯಲ್ಲಿ ಹೇಳಿದಿರಿ. ವಿಮಾನ ಎಡಕ್ಕೆ ಜಾರಿ ಕೆಸರಿಗಿಳಿಯಿತು. ಪ್ರಯಾಣಿಕರಿಗೆ ಏನೂ ಆಗಲಿಲ್ಲ. ನಿಮ್ಮ ಸಹಪೈಲಟ್ ಇವತ್ತಿಗೂ ಕೋಲೂರಿಕೊಂಡೇ ನಡೆಯುತ್ತಾರೆ.

ನಾನೂರಕ್ಕಿಂತ ಹೆಚ್ಚಿರಲಿಲ್ಲ ಎಂದು ನೀವು ಹೇಳಿದಿರಿ. ನನ್ನನ್ನು ಕರೆದು ಕೇಳಿದರು. ಟ್ಯಾಂಕ್ ಕಾಣಿಸಿತು ಎಂದೆ. ಬರುವ ವಿಮಾನದಲ್ಲಿ ನನ್ನ ಗಂಡ ಇದ್ದದ್ದು ನನಗೆ ಗೊತ್ತಿರಲಿಲ್ಲ ಎಂದೂ ಹೇಳಿದೆ. ಹವಾಮಾನದ ರಿಪೋರ್ಟ್ ಸರಿಯಿತ್ತು, ತಪ್ಪು ಪೈಲಟ್‌ದು ಎಂದು ಬರೆದುಕೊಂಡರು. ಎದುರಿನ ಕುರ್ಚಿಯಲ್ಲಿ ನೀವು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಿರಿ, ನನ್ನ ಕಡೆ ನೋಡಲೂ ಇಲ್ಲ.

ಮನೆಗೆ ಬಂದ ಮೇಲೆ ಒಂದೇ ಒಂದು ಸಲ ಕೇಳಿದಿರಿ: "ನಿಜವಾಗ್ಲೂ ಕಾಣಿಸ್ತಾ?" ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷದ ಕೆಲಸಕ್ಕೆ ಮಸಿ ಬಳಿಯುತ್ತಿದ್ದೀರಿ ಎಂದು ಕೂಗಾಡಿದೆ. ನೀವು ಮತ್ತೆ ಕೇಳಲಿಲ್ಲ. ಎರಡು ತಿಂಗಳಿಗೆ ಪೆಟ್ಟಿಗೆ ತುಂಬಿಕೊಂಡು ಹೋದಿರಿ, ಮತ್ತೆಂದೂ ವಿಮಾನ ಹಾರಿಸಲಿಲ್ಲ.

ನಂಬಿ, ಆಗ ನಾನು ಬೇಕೆಂದು ಸುಳ್ಳು ಹೇಳಲಿಲ್ಲ. ಟ್ಯಾಂಕು, ಅದರ ಏಣಿ, ಮೇಲಿನ ತುಕ್ಕು ಹಿಡಿದ ಕಂಬಿ, ಎಲ್ಲ ನನ್ನ ಕಣ್ಣ ಮುಂದೆ ಇದ್ದವು. ಅದೇ ಧೈರ್ಯದಲ್ಲಿ ಇಷ್ಟು ವರ್ಷ ನಿಮ್ಮ ಮೇಲೆ ಕೋಪ ಸಾಧಿಸಿಕೊಂಡು ಬಂದೆ.

ಈ ವಾರ ಸೋಮವಾರದಿಂದ ನಾಲ್ಕು ದಿನ ರಜೆ ಹಾಕಿದ್ದೆ. ಮೊನ್ನೆ ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋದಾಗ ದಟ್ಟ ಮಂಜು. ಮಹಡಿ ಹತ್ತಿ ನೋಡಿದೆ, ಇಳಿದು ಬಂದು 'ಎಂಟುನೂರು' ಎಂದು ಬರೆದೆ. ಕಳಿಸುವ ಮುಂಚೆ ಟವರಿಗೆ ಫೋನ್ ಮಾಡಿದೆ. ಅಲ್ಲಿ ನಮ್ಮ 'ಗಡಿಯಾರ' ಇದ್ದರು, ನಿಮಿಷ ತಪ್ಪದ ಆ ಮನುಷ್ಯ ನಿಮಗೂ ಗೊತ್ತು. ರನ್‌ವೇ ಪಕ್ಕದ ಹೊಸ ಯಂತ್ರ ಮುನ್ನೂರೈವತ್ತು ತೋರಿಸ್ತಿದೆಯಲ್ಲ ಎಂದರು. ನಿಮ್ಮ ಯಂತ್ರಕ್ಕೆ ಕನ್ನಡಕ ಹಾಕಿಸಿ, ನಾನು ಈಗಷ್ಟೇ ಟ್ಯಾಂಕ್ ನೋಡಿ ಬಂದೆ ಎಂದೆ. ಅವರು ಮೆಲ್ಲಗೆ ಅಂದರು: "ಯಾವ ಟ್ಯಾಂಕ್ ಮೇಡಂ? ಅದನ್ನ ಸೋಮವಾರವೇ ಕೆಡವಿದ್ರಲ್ಲ."

ಎಂಟುನೂರನ್ನು ಹೊಡೆದುಹಾಕಿ ಮುನ್ನೂರೈವತ್ತು ಎಂದು ಕಳಿಸಿದೆ. ಮತ್ತೆ ಮಹಡಿ ಹತ್ತಿದೆ. ಮಂಜು ಕರಗುವವರೆಗೆ ಗೋಡೆ ಹಿಡಿದು ನಿಂತಿದ್ದೆ. ಹತ್ತು ಗಂಟೆಗೆ ಬಿಸಿಲು ಬಂತು. ಟ್ಯಾಂಕ್ ಇದ್ದಲ್ಲಿ ಸಿಮೆಂಟಿನ ಚೂರುಗಳ ಗುಡ್ಡೆ, ಅದರ ಪಕ್ಕ ಒಂದು ಲಾರಿ.

ಇಲ್ಲದ ಟ್ಯಾಂಕನ್ನು ಏಣಿ ಸಮೇತ ನೋಡಿದ ಕಣ್ಣು ಇದು. ಆವತ್ತು ಏನು ನೋಡಿತ್ತೋ ದೇವರೇ ಬಲ್ಲ. ನೀವು ಹೇಳಿದ ನಾನೂರೇ ಸರಿ. ನನ್ನ ತಪ್ಪಿಗೆ ನೀವು ನಿಮ್ಮ ಆಕಾಶ ಕಳೆದುಕೊಂಡಿರಿ, ನಾನು ಅದೇ ಮಹಡಿಯಲ್ಲಿ ಹನ್ನೊಂದು ವರ್ಷ ತಲೆಯೆತ್ತಿಕೊಂಡು ಓಡಾಡಿದೆ.

ನೀವು ಈಗ ಪೈಲಟ್ ಆಗುವವರಿಗೆ ಇದೇ ರಿಪೋರ್ಟ್ ಓದುವುದನ್ನು ಕಲಿಸುತ್ತೀರೆಂದು ಗುಬ್ಬಿ ಹೇಳಿದಳು. ಯಾರೋ ವಿದ್ಯಾರ್ಥಿ ಆ ಅಪಘಾತದ ಬಗ್ಗೆ ಕೇಳಿದ್ದಕ್ಕೆ, ರಿಪೋರ್ಟ್ ಸರಿಯಾಗಿತ್ತು, ತಪ್ಪು ನಂದೇ ಅಂದಿರಂತೆ. ಯಾಕೆ ಹಾಗೆ ಹೇಳಿದಿರಿ? ನಾಲ್ಕು ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ವಿಚಾರಣೆಯ ಕಚೇರಿಗೆ ಎಲ್ಲ ಬರೆದು ನಿನ್ನೆಯೇ ಅಂಚೆಗೆ ಹಾಕಿದ್ದೇನೆ. ಪ್ರತಿ ಇದರ ಜೊತೆಗಿದೆ. ಬೇಡ ಎನ್ನುತ್ತೀರೆಂದು ಗೊತ್ತಿತ್ತು, ಅದಕ್ಕೇ ಅದನ್ನು ಮೊದಲು ಹಾಕಿ ನಿಮಗೆ ಆಮೇಲೆ ಬರೆಯುತ್ತಿದ್ದೇನೆ. ಇನ್ನು ಮಹಡಿ ಹತ್ತುವ ಕೆಲಸ ನನಗೆ ಬೇಡವೆಂದೂ ಹೇಳಿಬಿಟ್ಟೆ, ನಾಳೆಯಿಂದ ಕಡತಗಳ ಕೋಣೆಯಲ್ಲಿ ಕೂರುತ್ತೇನೆ. ನಿಮ್ಮ ಹೆಸರಿಗೆ ಹತ್ತಿದ ಮಸಿ ತೊಳೆದುಹೋದರೆ ಸಾಕು. ನೀವು ಉತ್ತರ ಬರೆಯಬೇಕೆಂದೇನೂ ಇಲ್ಲ.

ಇಂತಿ, ನಿಮ್ಮ
ಮೀಟರ್ ಮೇಡಂ

ವಿ.ಸೂ.: ಒಂದು ಮಾತನ್ನು ಆ ಕಚೇರಿಗೆ ಬರೆಯಲಿಲ್ಲ, ಕೈ ಬರಲಿಲ್ಲ. ಅಪಘಾತದ ಹಿಂದಿನ ಸಂಜೆ ನಿಮ್ಮ ಫೋನ್ ಎತ್ತಿದ್ದು ಗುಬ್ಬಿ. ನಾಳೆ ಮೊದಲ ವಿಮಾನ ನಂದೇ, ಬಂದು ಅಮ್ಮನ ಹತ್ತಿರ ಕೂತು ಮಾತಾಡ್ತೀನಿ ಎಂದಿರಂತೆ. ಮಗು ನನಗೆ ಹೇಳಲು ಮರೆತಿತ್ತು ಎಂದು ನಿಮಗೆ ಹೇಳಿದ್ದೆ. ಅವಳು ಮರೆತಿರಲಿಲ್ಲ. ಬೆಳಿಗ್ಗೆ ನಾನು ಗುಬ್ಬಿಗೂ ನಿಮಗೂ ತಿಂಡಿ ಮಾಡಿ ಮುಚ್ಚಿಟ್ಟು ಕೆಲಸಕ್ಕೆ ಹೋಗಿದ್ದೆ. ಮಹಡಿಯಲ್ಲಿ ಒಂದು ಸಲ ನೋಡಿದೆ, ಟ್ಯಾಂಕ್ ಕಾಣಲಿಲ್ಲ. ಎರಡನೆಯ ಸಲವೂ ಕಾಣಲಿಲ್ಲ. ಇಳಿಯಲಾಗದಿದ್ದರೆ ನೀವು ಪಕ್ಕದ ಊರಿಗೆ ಹೋಗುತ್ತಿದ್ದಿರಿ, ಮನೆ ಸೇರಲು ಇನ್ನೂ ಎರಡು ದಿನ ಆಗುತ್ತಿತ್ತು. ಮೂರನೆಯ ಸಲ ಕಾಣಿಸಿತು.